ಸೆಕ್ರೆಟರಿಯ ಹೊಟ್ಟೆ ಮತ್ತು ಸ್ಯಾಂಪಲ್ ಹಾಲು

ಹಾಲಿನ ಡೇರಿಯ ಸೆಕ್ರೆಟರಿಗೆ ನಗೆಯ ಪ್ರಸಂಗಗಳಿಗೇನೂ ಬರವಿಲ್ಲ. ದಿನಾ ಬೆಳಿಗ್ಗೆ ಕ್ಯಾನುಗಳ ಜೊತೆಗೆ ಅವೂ ಬಂದು ಸಾಲಿನಲ್ಲಿ ನಿಲ್ಲುತ್ತವೆ. ಚಿಕ್ಕೋಡಿ ಹತ್ತಿರದ ನಮ್ಮೂರ ಡೇರಿಯಲ್ಲಿ ಹಾಲು ಅಳೆಯುವವನು ನಾನು, ಫ್ಯಾಟ್ ನೋಡುವವನು ನಾನು, ಹಾಲು ತಂದವರನ್ನು ಸಂಶಯದಿಂದ ನೋಡುವವನೂ ನಾನೇ. ಊರಲ್ಲಿ ನನಗೆ ಹೆಸರು ಬಂದದ್ದು ಈ ಮೂರನೆಯ ಕೆಲಸದಿಂದ. ಸ್ವಂತ ಮಾವ ಹಾಲು ತಂದರೂ ನೀರು ಬೆರೆಸಿದ್ದಾರೋ ಇಲ್ಲವೋ ಎಂದು ಪರೀಕ್ಷೆ ಮಾಡದೆ ಬಿಟ್ಟವನಲ್ಲ. ಅವರು ನಮ್ಮನ್ನು ಹಬ್ಬಕ್ಕೆ ಕರೆಯುವುದನ್ನು ಬಿಟ್ಟಿದ್ದಾರೆ. ಇಂಥವನ ಮೇಲೆಯೇ ಊರು ಸಂಶಯಪಟ್ಟರೆ ಏನಾಗುತ್ತದೆ ಎಂಬುದನ್ನು ಈಗ ಹೇಳುತ್ತೇನೆ.

ಒಳಗಿನ ಅಶಕ್ತಿ

ಮೊದಲು ಮೈ ಭಾರವಾಯಿತು. ಮುಖ ಊದಿಕೊಂಡಿತು, ದನಿ ದಪ್ಪಗಾಯಿತು, ಕೂತಲ್ಲೇ ಕಣ್ಣು ಮುಚ್ಚತೊಡಗಿತು. ಒಂದು ರೊಟ್ಟಿ ಪೂರಾ ಸೇರುತ್ತಿರಲಿಲ್ಲ, ಹೊಟ್ಟೆ ಮಾತ್ರ ಅಂಗಿಯ ಗುಂಡಿಗಳ ಜೊತೆ ಜಗಳಕ್ಕೆ ನಿಂತಿತ್ತು. ಊರ ಡಾಕ್ಟರು ನಾಡಿ ಹಿಡಿದು, "ಅಶಕ್ತಿ ಆಗೇತ್ರಿ. ಒಂದು ಸಲಾಯಿನ್ ಹಚ್ಚೂಣು" ಎಂದರು.

"ಅಶಕ್ತಿ ಆದ್ರ ಮನಶ್ಯಾ ಸೊರಗಬೇಕಲ್ರಿ? ನಾ ದಪ್ಪ ಆಗಾಕತ್ತೀನಿ."

"ಇದು ಒಳಗಿನ ಅಶಕ್ತಿ."

ಹೊರಗಿನದಾದರೆ ನಾನೇ ನೋಡುತ್ತಿದ್ದೆ. ಒಳಗಿನದಕ್ಕೆ ಏನು ಮಾಡುವುದು? ವರ್ಷವಿಡೀ ಸಲಾಯಿನ್ ಹಚ್ಚಿಸಿಕೊಂಡೆ, ಮೇಲೆ ಡಬ್ಬಿಗಟ್ಟಲೆ ಶಕ್ತಿಯ ಪುಡಿ ತಿಂದೆ. ಮೈ ಇನ್ನಷ್ಟು ಭಾರವಾಯಿತೇ ಹೊರತು ಹಗುರಾಗಲಿಲ್ಲ. ಕೊನೆಗೆ ಒಂದು ದಿನ ಮಂಚದ ಮೇಲೆ ಮಲಗಿದ್ದವನು ತಲೆಯ ಮೇಲೆ ತೂಗುವ ಬಾಟಲಿಯನ್ನು ದಿಟ್ಟಿಸಿ ನೋಡಿದೆ. ಕಸುಬಿನ ಚಟ, ಬಿಡುವುದಿಲ್ಲ.

"ಡಾಕ್ಟರ್ ಸಾಹೇಬ್ರ, ತಪ್ಪ ತಿಳೀಬ್ಯಾಡ್ರಿ. ಇದರಾಗ ನೀರು ಭಾಳ ಬೆರಸ್ಯಾರ ಅನಸ್ತೈತಿ."

ಡಾಕ್ಟರು ತಣ್ಣಗೆ ಹೇಳಿದರು: "ಪೂರಾ ನೀರ ಐತ್ರಿ ಸೆಕ್ರೆಟರಿ. ಸ್ವಲ್ಪ ಉಪ್ಪು ಬೆರಸ್ಯಾರ."

ಸ್ವೆಟರ್

ಫ್ಯಾಟ್ ನೋಡಲು ಪ್ರತಿಯೊಬ್ಬರ ಹಾಲಿನಿಂದಲೂ ಒಂದಿಷ್ಟು ಸ್ಯಾಂಪಲ್ ತೆಗೆಯುತ್ತೇವೆ. ನೋಡಿದ ಮೇಲೆ ಉಳಿದ ಹಾಲು ಎಲ್ಲಿ ಹೋಗುತ್ತದೆ ಎಂಬುದು ಜನರ ಹಳೆಯ ಸಂಶಯ. ಅದು ಡೇರಿಯ ದೊಡ್ಡ ಕ್ಯಾನಿಗೇ ಹೋಗುತ್ತದೆ. ಆದರೆ ಈ ಮಾತನ್ನು ದಪ್ಪಗಾದ ಸೆಕ್ರೆಟರಿ ಹೇಳಿದರೆ ಯಾರು ನಂಬುತ್ತಾರೆ?

ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವವಳು ಎರಡು ಎಮ್ಮೆ ಕಟ್ಟಿದ ಒಬ್ಬ ಮುದುಕಿ. ಊರೆಲ್ಲ ಅವಳನ್ನು ಆಯಿ ಎಂದೇ ಕರೆಯುತ್ತದೆ. ಅವಳು ಒಂದು ಬೆಳಿಗ್ಗೆ ಎಲ್ಲರೆದುರು ನನ್ನ ಹೊಟ್ಟೆಗೆ ಬೆರಳಿನಿಂದ ತಿವಿದು, "ಏ ತಮ್ಮಾ, ಈ ಹೊಟ್ಟಿ ಯಾರ ಎಮ್ಮೀದೋ?" ಎಂದು ಕೇಳಿದಳು.

ಸಾಲಿಗೆ ಸಾಲೇ ನಕ್ಕಿತು. ನನಗೆ ನಗು ಬರಲಿಲ್ಲ. ಇಷ್ಟು ವರ್ಷದಲ್ಲಿ ಡೇರಿಯ ಒಂದು ಲೋಟ ಹಾಲನ್ನೂ ಮನೆಗೆ ಒಯ್ದವನಲ್ಲ ನಾನು. ಆ ಮಾತು ಎದೆಗೆ ನಾಟಿತು.

ಅಷ್ಟರಲ್ಲಿ ಮೇ ತಿಂಗಳು ಬಂತು. ಊರವರೆಲ್ಲ ಅಂಗಿ ಬಿಚ್ಚಿ ಕಟ್ಟೆಯ ಮೇಲೆ ಬಿದ್ದುಕೊಂಡಿದ್ದರೆ ನನಗೆ ಚಳಿ. ಸ್ವೆಟರ್ ಹಾಕಿಕೊಂಡೇ ಡೇರಿಗೆ ಬಂದೆ. ಆಯಿ ಕಣ್ಣು ಸಣ್ಣದು ಮಾಡಿದಳು.

"ಇಂಥ ಬಿಸಲಾಗ ಸ್ವೆಟರ್ ಯಾಕ? ಒಳಗ ಬೆಣ್ಣಿ ಇಟ್ಟಾನ. ಬಿಚ್ಚಸ್ರಿ!"

ಜನ ಸೇರಿದರು. ಮಾನ ಉಳಿಯಲಿ ಎಂದು ನಾನೇ ಬಿಚ್ಚಿದೆ. ಒಳಗೆ ಇನ್ನೊಂದು ಸ್ವೆಟರ್ ಇತ್ತು.

"ಅದರ ಒಳಗ ನೋಡ್ರಿ" ಎಂದಳು ಆಯಿ.

ಹೆಚ್ಚಾದರೆ ಕಡಿಮೆ

ಅವತ್ತೇ ನನ್ನ ಹೆಂಡತಿ ನನ್ನನ್ನು ನಿಪ್ಪಾಣಿಯ ಬಸ್ಸಿಗೆ ಹತ್ತಿಸಿ ತಾನೂ ಹತ್ತಿದಳು. ಅಲ್ಲಿನ ಡಾಕ್ಟರಬಾಯಿ ನಾನು ಬಾಯಿ ತೆರೆಯುವ ಮೊದಲೇ, "ಕಾಕಾ, ಮೇ ಮಹಿನ್ಯಾತ ಸ್ವೆಟರ?" ಎಂದು ಮರಾಠಿಯಲ್ಲಿ ಕೇಳಿದರು. ಆಮೇಲೆ ಕನ್ನಡಕ್ಕೆ ಹೊರಳಿ, ಕುತ್ತಿಗೆ ಮುಟ್ಟಿ ನೋಡಿ, ರಕ್ತ ಪರೀಕ್ಷೆಗೆ ಬರೆದುಕೊಟ್ಟರು.

ಒಂದೇ ಸ್ಯಾಂಪಲ್ ನಂಬುವ ಜಾತಿಯವನಲ್ಲ ನಾನು. ನಿಪ್ಪಾಣಿಯಲ್ಲಿ ಒಂದು ಸಲ ರಕ್ತ ಕೊಟ್ಟೆ, ಯಾರಿಗೂ ಹೇಳದೆ ಚಿಕ್ಕೋಡಿಯಲ್ಲಿ ಇನ್ನೊಂದು ಸಲ ಕೊಟ್ಟೆ. ಎರಡೂ ಕಡೆ ಟಿಎಸ್ಎಚ್ ಎಂಬುದು ಮಿತಿ ಮೀರಿ ಹೆಚ್ಚು ಬಂದಿತ್ತು. ಎರಡನ್ನೂ ನೋಡಿ ಡಾಕ್ಟರಬಾಯಿ, "ನಿಮ್ಮ ಥೈರಾಯ್ಡ್ ಕಡಿಮಿ ಕೆಲಸ ಮಾಡಾಕತ್ತೈತಿ" ಎಂದರು.

ನನಗೆ ಸಂಶಯ ಬಂತು. "ಎರಡು ಮಷಿನ್ ಹೆಚ್ಚು ತೋರಸ್ಯಾವ, ನೀವು ಕಡಿಮಿ ಅಂತೀರಿ. ಯಾರೋ ಒಬ್ಬರದು ಸುಳ್ಳ ಇರಬೇಕ್ರಿ."

ಅವರು ನಕ್ಕರು. "ಆಳು ಕೆಲಸ ಮಾಡಲಿಲ್ಲ ಅಂದ್ರ ಮಾಲಕ ಏನ ಮಾಡ್ತಾನ?"

"ಒದರತಾನ್ರಿ."

"ಕುತ್ತಿಗ್ಯಾಗಿನ ಗ್ರಂಥಿ ಆಳು. ತಲಿಯೊಳಗ ಮಾಲಕ ಕುಂತಾನ. ಆಳು ಮೆತ್ತಗಾದಂಗೆಲ್ಲ ಮಾಲಕ ಜೋರ ಒದರತಾನ. ಈ ಪರೀಕ್ಷೆದಾಗ ನಾವು ಅಳದದ್ದು ಆ ಒದರೋದನ್ನ."

ಪಕ್ಕದಲ್ಲಿ ಕೂತಿದ್ದ ಹೆಂಡತಿ ನಡುವೆ ಬಾಯಿ ಹಾಕಿದಳು: "ಒದರೋದು ಅಳೆಯೂ ಮಷಿನ್ ಐತಿ ಅಂತ ಮೊದಲ ಗೊತ್ತಿದ್ರ, ಇವರನ್ನ ಲಗ್ನಕ್ಕಿಂತ ಮುಂಚೆನ ಕರಕೊಂಡು ಬರತಿದ್ವಿರಿ."

ಚಹಾ ಒಲ್ಲೆ

ಕೊಟ್ಟ ಗುಳಿಗೆ ಜೋಳದ ಕಾಳಿಗಿಂತ ಸಣ್ಣದು. ಇಷ್ಟು ದೊಡ್ಡ ಮೈಗೆ ಇಷ್ಟು ಸಣ್ಣ ಗುಳಿಗೆ! ಸಲಾಯಿನ್ ಬಾಟಲಿಯಾದರೂ ಕಣ್ಣಿಗೆ ಕಾಣುತ್ತಿತ್ತು.

"ಬೆಳಿಗ್ಗೆ ಎದ್ದು ಖಾಲಿ ಹೊಟ್ಟಿಲೆ ನೀರಿನ ಜೋಡಿ ತಗೋರಿ. ಆಮ್ಯಾಲೆ ಒಂದು ತಾಸು ಚಹಾ ಇಲ್ಲ. ಹಾಲಂತೂ ಬ್ಯಾಡೇ ಬ್ಯಾಡ, ಗುಳಿಗಿ ಮೈಗೆ ಹತ್ತೂದಿಲ್ಲ."

ನಮ್ಮ ಕಡೆ ಚಹಾ ಒಲ್ಲೆ ಎಂದರೆ ಒಂದೋ ಜಗಳವಾಗಿರಬೇಕು, ಇಲ್ಲವೇ ಹೊಟ್ಟೆ ತುಂಬಿರಬೇಕು. ಮರುದಿನ ಡೇರಿಗೆ ಚಹಾ ಬಂದಾಗ ನಾನು ಕೈ ಅಡ್ಡ ಮಾಡಿದೆ. ಸಾಲಿನಲ್ಲಿ ಗುಸುಗುಸು ಎದ್ದಿತು.

"ಚಾ ಎಲ್ಲಿ ಹಿಡಸ್ತೈತಿ? ಬೆಳಿಗ್ಗೆನ ತುಂಬಿಸಿಕೊಂಡಾನ" ಎಂದಳು ಆಯಿ.

ಥೈರಾಯ್ಡ್ ಎಂದು ಹೇಳಿದೆ, ಗುಳಿಗೆ ತೋರಿಸಿದೆ. ಡೇರಿಯ ಅಧ್ಯಕ್ಷರು ತಲೆಯಾಡಿಸಿದರು. "ಅದು ಹೆಂಗಸರ ಬ್ಯಾನಿ. ನಮ್ಮ ಮನ್ಯಾಗಿನಾಕಿಗೆ ಐತಿ. ನಿನಗ ಹೆಂಗ ಬರತೈತಿ? ಖರೇ ಹೇಳು."

ಖರೆಯನ್ನೇ ಹೇಳಿದ್ದೆನಲ್ಲ, ಇನ್ನೇನು ಹೇಳಲಿ? ಬಾಯಿ ಮುಚ್ಚಿಕೊಂಡು ಗುಳಿಗೆ ನುಂಗುತ್ತ ಹೋದೆ. ತಿಂಗಳುಗಳು ಕಳೆದಂತೆ ಮುಖದ ಬಾವು ಇಳಿಯಿತು, ಸ್ವೆಟರ್ ಪೆಟ್ಟಿಗೆ ಸೇರಿತು, ಹೊಟ್ಟೆ ಗುಂಡಿಗಳ ಜೊತೆ ರಾಜಿ ಮಾಡಿಕೊಂಡಿತು. ಇನ್ನಾದರೂ ಜನ ನಂಬುತ್ತಾರೆ ಎಂದು ಖುಷಿಪಟ್ಟೆ.

"ನೋಡ್ರಿ" ಎಂದರು ಸಾಲಿನಲ್ಲಿದ್ದವರು. "ನಾವು ಹಿಡದ ಮ್ಯಾಲೆ ಕುಡಿಯೂದು ಬಿಟ್ಟಾನ. ಅದಕ್ಕ ಇಳದಾನ."

ಕಾವಲು

ಮೈ ಇಳಿದದ್ದೇ ಕಳ್ಳತನಕ್ಕೆ ಸಾಕ್ಷಿಯಾಯಿತು. ಕಮಿಟಿ ಕೂತು, ಸ್ಯಾಂಪಲ್ ಹಾಲಿಗೆ ಕಾವಲು ಹಾಕಬೇಕು, ಇನ್ನೊಂದು ದೂರು ಬಂದರೆ ಸೆಕ್ರೆಟರಿ ಡೇರಿಯ ಕೀಲಿ ಒಪ್ಪಿಸಬೇಕು ಎಂದು ತೀರ್ಮಾನಿಸಿತು. ಕೀಲಿ ಹೋದರೆ ಹೋಗಲಿ, ಹಾಲುಗಳ್ಳ ಎಂಬ ಹೆಸರು ಹೊತ್ತು ಈ ಊರಲ್ಲಿ ಹೇಗೆ ತಿರುಗಲಿ?

ಕಾವಲಿಗೆ ಬಂದವರು ಊರೆಲ್ಲ ಮಾಮಾ ಎಂದು ಕರೆಯುವ ನಿವೃತ್ತ ಬಸ್ ಕಂಡಕ್ಟರು. ಟಿಕೆಟ್ ಇಲ್ಲದವರನ್ನು ವಾಸನೆಯಿಂದಲೇ ಹಿಡಿಯುತ್ತಿದ್ದರಂತೆ. ಆಳು ಬಿದಿರಿನ ಕೋಲಿನಂತೆ ತೆಳ್ಳಗೆ. ಸ್ಯಾಂಪಲ್ ಇಡುವ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ನಾನು ಲಾರಿಗೆ ಕ್ಯಾನು ಏರಿಸಲು ಹೊರಗೆ ಹೋದರೂ ಅವರು ಕುರ್ಚಿ ಬಿಡುತ್ತಿರಲಿಲ್ಲ. ಎಂಥ ನಿಷ್ಠೆ!

ದಿನ ಕಳೆದಂತೆ ನಾನು ಇಳಿದೆ, ಮಾಮಾ ಏರಿದರು. ಗಲ್ಲ ತುಂಬಿತು, ಕುರ್ಚಿ ಕಿರುಗುಟ್ಟಿತು. ನನಗೆ ಸಂಶಯ ಬಂದಿತ್ತು, ಆದರೆ ನನ್ನ ಮಾತಿಗೆ ಈಗ ಬೆಲೆ ಎಲ್ಲಿ? ಒಂದು ದಿನ ಅವರೇ ಬಂದು ಕಿವಿಯಲ್ಲಿ ಪಿಸುಗುಟ್ಟಿದರು.

"ಸೆಕ್ರೆಟರಿ, ನಿನ್ನ ಬ್ಯಾನಿ ನನಗ ಹತ್ತಿದಂಗ ಕಾಣಸ್ತೈತಿ. ಊಟ ಅಷ್ಟಕ್ಕಷ್ಟ, ಹೊಟ್ಟಿ ಮಾತ್ರ ಹಿಂಗ. ಆ ಡಾಕ್ಟರಬಾಯಿ ಹತ್ರ ನನ್ನೂ ಕರಕೊಂಡು ಹೋಗು."

ನನಗೂ ಮರುಪರೀಕ್ಷೆ ಇತ್ತು. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ರಕ್ತ ಕೊಟ್ಟೆವು. ನನ್ನದು ಸರಿಯಾದ ಅಳತೆಗೆ ಬಂದಿತ್ತು. ಮಾಮಾಂದು ಮೊದಲಿನಿಂದಲೂ ಸರಿಯಾಗಿಯೇ ಇತ್ತು. ತಮಗೇನೂ ಆಗಿಲ್ಲ ಎಂಬ ಸಂತೋಷದಲ್ಲಿ ಅವರು ದಾರಿಯುದ್ದಕ್ಕೂ ನನಗೆ ಶೇಂಗಾ ತಿನ್ನಿಸಿದರು.

ಮರುದಿನ ಬೆಳಿಗ್ಗೆ ಸಾಲು ತುಂಬಿದ ಹೊತ್ತಿಗೆ ಮಾಮಾ ಕುರ್ಚಿಯಿಂದ ಎದ್ದು ನಿಂತು, ಬಸ್ಸಿನಲ್ಲಿ ಊರ ಹೆಸರು ಕೂಗುತ್ತಿದ್ದ ದನಿಯಲ್ಲಿ ಸಾರಿದರು: "ನನಗ ಥೈರಾಯ್ಡ್ ಇಲ್ಲರೆಪ್ಪಾ! ಸೆಕ್ರೆಟರಿಗೆ ಖರೇನ ಐತಂತ, ನನಗ ಒಂದ ಬ್ಯಾನಿನೂ ಇಲ್ಲ! ಡಾಕ್ಟರಬಾಯಿ ಖುದ್ದ ಹೇಳ್ಯಾಳ!"

ಆಯಿ ಕ್ಯಾನು ಕೆಳಗಿಟ್ಟಳು. ನನ್ನನ್ನು ನೋಡಿದಳು, ಸ್ಯಾಂಪಲ್ ಮೇಜು ನೋಡಿದಳು. ಆಮೇಲೆ ನೆಟ್ಟಗೆ ಮಾಮಾ ಹತ್ತಿರ ಹೋಗಿ ಅವರ ಹೊಟ್ಟೆಗೆ ಬೆರಳಿಟ್ಟು ತಿವಿದಳು.

"ಹಂಗಾರ ತಮ್ಮಾ, ಈ ಹೊಟ್ಟಿ ಯಾರ ಎಮ್ಮೀದೋ?"