ನಾಯಕಿ ಪೆಟ್ಟಿಗೆ ಎತ್ತಿಕೊಂಡ ಮಧ್ಯಾಹ್ನ

ಸಿನಿಮಾ ನೋಡಿ ಅಳುವ ಪೈಕಿಯಲ್ಲ ನಾನು. ವಿಮಾ ಕಚೇರಿಯಲ್ಲಿ ಕ್ಲೇಮುಗಳನ್ನು ಪರಿಶೀಲಿಸುವ ಕೆಲಸ ನನ್ನದು. ಎದುರಿನ ಕುರ್ಚಿಯಲ್ಲಿ ದಿನವೂ ಒಬ್ಬರಾದರೂ ಅಳುತ್ತಾರೆ. ಎಲ್ಲರಿಗೂ ಕರಗಿದ್ದರೆ ಕಂಪನಿ ಎಂದೋ ಕೊಚ್ಚಿಹೋಗುತ್ತಿತ್ತು. ಹಾಗಾಗಿ ಭಾನುವಾರ ಊಟವಾದ ಮೇಲೆ ನನ್ನ ಹೆಂಡತಿ ಹಳೆಯ ಕಪ್ಪು-ಬಿಳುಪು ಚಿತ್ರವೊಂದನ್ನು ಹಾಕಿ, “ಕರ್ಚೀಫ್ ಇಟ್ಕೊಳ್ಳಿ, ಇದರ ಹೀರೋಯಿನ್ ಕಲ್ಲನ್ನೂ ಕರಗಿಸ್ತಾಳೆ” ಎಂದಾಗ, “ಕಲ್ಲು ಬೇಕಾದ್ರೆ ಕರಗ್ಲಿ. ನಾನು ವಿಮೆಯವನು” ಎಂದು ಎದೆಯುಬ್ಬಿಸಿ ಕೂತೆ.

ಅಳಲಿಲ್ಲ, ನಿಜ. ಹೆದರಿದೆ.

ನಾಯಕಿ ಕೂಗಾಡುವವಳಲ್ಲ. ಮಗುವನ್ನು ಮಣ್ಣುಮಾಡಿ ಬಂದ ವಾರವೇ ಗಂಡ “ಊಟಕ್ಕೆ ಉಪ್ಪು ಕಡಿಮೆ” ಎನ್ನುತ್ತಾನೆ. ಅವಳು ಅವನ ಮುಖವನ್ನೇ ನೋಡುತ್ತಾಳೆ. ಆ ನೋಟ ಪರದೆ ದಾಟಿ ಬಂದು ನನ್ನ ಪಕ್ಕದಲ್ಲೇ ಸೋಫಾದ ಮೇಲೆ ಕೂತಿತು. ಆ ಗಂಡನ ಒಂದೊಂದು ಮಾತೂ ನನಗೆ ಪರಿಚಿತ: “ನಿನಗೆ ಗೊತ್ತಾಗಲ್ಲ ಬಿಡು”, “ಆಮೇಲೆ ಹೇಳು”, “ಟವೆಲ್ ಎಲ್ಲಿ?” ಕತೆ ಬರೆದವನು ನಮ್ಮ ಮನೆಯ ಕಿಟಕಿಗೆ ಕಿವಿಗೊಟ್ಟಿದ್ದನೋ ಏನೋ. ಕೊನೆಗೆ ನಾಯಕಿ ಪೆಟ್ಟಿಗೆ ಎತ್ತಿಕೊಂಡು, ಬಾಗಿಲನ್ನೂ ಹಾಕದೆ, ಹೊರಟೇಹೋದಳು.

ಚಿತ್ರ ಮುಗಿಯಿತು. ನನ್ನ ಹೆಂಡತಿ ಟಿವಿ ಆರಿಸಿ ಎದ್ದು ಮಲಗುವ ಕೋಣೆಗೆ ಹೋದಳು. ಬಾಗಿಲ ಸಂದಿಯಿಂದ ಇಣುಕಿದೆ. ಅಟ್ಟದ ಮೇಲಿಂದ ಸೂಟ್‌ಕೇಸ್ ಇಳಿಸುತ್ತಿದ್ದಳು.

ಬಾಲ್ಕನಿಗೆ ಓಡಿ ಅತ್ತೆಗೆ ಫೋನ್ ಮಾಡಿದೆ.

“ಅತ್ತೆ, ನಿಮ್ಮ ಮಗಳು ಮನೆ ಬಿಟ್ಟು ಹೊರಟ ಹಾಗಿದೆ.”

“ನೀವೇನು ಮಾಡಿದ್ರಿ?”

“ಏನೂ ಮಾಡಿಲ್ಲ ಅತ್ತೆ.”

“ಅದಕ್ಕೇ ಇರಬೇಕು. ಈಗ್ಲಾದ್ರೂ ಏನಾದ್ರೂ ಮಾಡಿ” ಎಂದು ಫೋನ್ ಇಟ್ಟುಬಿಟ್ಟರು.

ಮಾಡಿದೆ. ನನ್ನ ಹೆಂಡತಿ ನರ್ಸು. ಮರುದಿನಕ್ಕೆ ಬೇಕಾದ ಬಿಳಿ ಸಮವಸ್ತ್ರ ಒಗೆಯುವ ಬುಟ್ಟಿಯಲ್ಲಿತ್ತು. ಬುಟ್ಟಿಯಲ್ಲಿದ್ದುದನ್ನೆಲ್ಲ ಬಾಚಿ ವಾಷಿಂಗ್ ಮೆಷಿನ್‌ಗೆ ತುಂಬಿದೆ. ಅದು ತಿರುಗುವಷ್ಟು ಹೊತ್ತೂ ಅದರ ಮುಂದೆಯೇ ಕುಕ್ಕರಗಾಲಲ್ಲಿ ಕೂತು, ಕೋಣೆಯ ಕಪಾಟು ಕಿರ್ರೆಂದಾಗಲೆಲ್ಲ ಬೆಚ್ಚಿಬಿದ್ದೆ. ಮೆಷಿನ್ ನಿಂತು ಮುಚ್ಚಳ ತೆಗೆದಾಗ ತಿಳಿಯಿತು, ನನ್ನ ಹೊಸ ಕೆಂಪು ಟೀಶರ್ಟೂ ಒಳಗಿತ್ತು. ಸಮವಸ್ತ್ರ ಅಂದವಾದ ಗುಲಾಬಿ ಬಣ್ಣಕ್ಕೆ ತಿರುಗಿತ್ತು.

ಅದನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಕೋಣೆಗೆ ನುಗ್ಗಿದೆ. “ಹೋಗ್ಬೇಡ ಕಣೇ. ಇನ್ಮೇಲೆ ಟವೆಲ್ ನಾನೇ ಹುಡುಕ್ಕೋತೀನಿ.”

ಅವಳು ತಿರುಗಿ ನೋಡಿದಳು. “ಯಾರು ಹೋಗ್ತಿರೋದು?”

ಸೂಟ್‌ಕೇಸಿನೊಳಗೆ ಕಣ್ಣು ಹಾಯಿಸಿದೆ. ಎಲ್ಲವೂ ನನ್ನ ಅಂಗಿಗಳೇ.

“ನಾಳೆಯಿಂದ ಎರಡು ದಿನ ನಿಮಗೆ ಆಫೀಸ್ ಟ್ರೈನಿಂಗ್ ಅಲ್ವಾ? ಬೆಳಗ್ಗೇನೇ ಬಸ್ಸು. ಮರೆತೇಬಿಟ್ರಾ?”

ಹೋದ ಜೀವ ಬಂತು. “ಸದ್ಯ. ಆ ಸಿನಿಮಾದವಳ ಹಾಗೆ ನೀನೂ ಮನೆ ಬಿಟ್ಟು ಹೊರಟೆ ಅಂದ್ಕೊಂಡೆ.”

“ಅವಳು ಪೆದ್ದಿ. ತಪ್ಪು ಮಾಡಿದೋನು ಅವನು, ಮನೆ ಬಿಟ್ಟೋಳು ಇವಳು. ನಾನಾಗಿದ್ರೆ ಹಾಗೆ ಮಾಡ್ತಿರಲಿಲ್ಲ.” ಅವಳ ಕಣ್ಣು ನನ್ನ ಮೊಣಕೈ ಹತ್ತಿರ ನಿಂತಿತು. “ಬೆನ್ನ ಹಿಂದೆ ಏನದು?”

ತೋರಿಸಿದೆ.

ಅವಳು ಬೈಯಲಿಲ್ಲ. ಹೊರಗೆ ಬೇಸಿಗೆ ಆಗಷ್ಟೇ ಶುರುವಾಗಿತ್ತು. ಕಪಾಟಿನ ತಳದಿಂದ ನನ್ನ ಚಳಿಗಾಲದ ಸ್ವೆಟರುಗಳನ್ನು ಎಳೆದು, ನೀಟಾಗಿ ಮಡಚಿ, ಅಂಗಿಗಳ ಮೇಲಿಟ್ಟು ಜಿಪ್ ಹಾಕಿದಳು.