ತಲಾಸಿನ ಬೀದಿಗೆ ಬಂದ ಹೊಸ ಒಕ್ಕಲು

ಬೀನ್ಸ್ ಒಕ್ಕುವ ಕಾಲ. ಭಾನುವಾರ ಬೆಳಿಗ್ಗೆ, ಬಿಸಿಲು ಇನ್ನೂ ಗೋಡೆ ಹತ್ತಿರಲಿಲ್ಲ. ಬೆಟ್ಟಗಳಾಚೆಯ ನರಿನ್ ಊರಿನಿಂದ ರಾತ್ರಿಯಿಡೀ ಬಾಡಿಗೆ ಕಾರಿನಲ್ಲಿ ಇಕ್ಕಟ್ಟಾಗಿ ಕೂತು ಬಂದ ಎರ್ಮೆಕ್, ತಲಾಸಿನಲ್ಲಿ ಇಳಿದಾಗ ಹಿಂಡಿ ಒಣಹಾಕಿದ ಅಂಗಿಯ ಹಾಗಿದ್ದ.

ಹೆಂಡತಿ ಬುರುಲ್ ವಿಚ್ಛೇದನ ಪಡೆದು, ಮಗಳನ್ನು ಕರೆದುಕೊಂಡು, ಇಲ್ಲಿಯ ಆಸ್ಪತ್ರೆಗೆ ನರ್ಸಾಗಿ ಬಂದು ತಿಂಗಳಾಗಿತ್ತು. ತಿಂಗಳಿಗೊಂದು ಭಾನುವಾರ, ಕತ್ತಲಾಗುವ ತನಕ ಮಗು ಅಪ್ಪನ ಜೊತೆ ಎಂದು ಕೋರ್ಟು ಹೇಳಿತ್ತು. ಇದೇ ಮೊದಲ ಭಾನುವಾರ.

ಆರು ವರ್ಷದ ಮಗಳು ಮೀರಿಮಳ ಕೈ ಹಿಡಿದು ಬುರುಲ್ ಮನೆಯ ಗೇಟು ದಾಟಿದ್ದನಷ್ಟೆ, ಎದುರು ಮನೆಯ ಕಾಲಿಪಾ ಅಜ್ಜಿ ಅಡ್ಡ ಬಂದಳು.

“ಯಾರಪ್ಪಾ ನೀನು? ಮಗೂನ ಎಲ್ಲಿಗೆ ಎಳ್ಕೊಂಡು ಹೊರಟೆ?”

“ನಾನು ಇವಳಪ್ಪ, ಅಜ್ಜಿ.”

“ಅಂದ್ರೆ ಬುರುಲ್ ಗಂಡ! ಊರಿನ ಮನೆ ಖಾಲಿ ಮಾಡ್ಕೊಂಡು ಬಂದ್ಯಾ?”

ಬಿಟ್ಟ ಗಂಡ ಎಂದು ನಡುಬೀದಿಯಲ್ಲಿ, ಮಗಳೆದುರು ಹೇಗೆ ಹೇಳುವುದು? ಎರ್ಮೆಕ್ “ಹ್ಞೂಂ” ಎಂದ. ಕೆಟ್ಟದ್ದು ಅಲ್ಲೇ.

ಹೊಸ ಒಕ್ಕಲು ಬಂದರೆ ಬೀದಿಯ ಪ್ರತಿ ಮನೆಯವರೂ ಕರೆದು ಉಣ್ಣಿಸಬೇಕು. ಆ ಕಡೆಯ ಈ ಪದ್ಧತಿಗೆ ಎರುಲುಕ್ ಎಂದು ಹೆಸರು. ತಿನ್ನದೆ ಎದ್ದರೆ ಆ ಮನೆಗೆ ಉಗಿದ ಹಾಗೆ.

“ಯಜಮಾನ ಬರ್ಲಿ ಅಂತ ಬೀದಿಗೆ ಬೀದೀನೇ ಕಾದಿತ್ತು ಕಣೋ. ನಡಿ ಒಳಗೆ!”

“ಅಜ್ಜಿ, ಪಾರ್ಕಲ್ಲಿ ಇವಳಿಗೆ ಉಯ್ಯಾಲೆ...”

“ಪಾರ್ಕು ಓಡಿಹೋಗಲ್ಲ. ನಮ್ಮ ಕುರಿ ಓಡಿಹೋಗುತ್ತೆ.”

ಕುರಿ ಓಡಿಹೋಗಲಿಲ್ಲ, ಎರ್ಮೆಕನೂ ಓಡಿಹೋಗಲಿಲ್ಲ. ಅಜ್ಜಿಯ ಮನೆಯಲ್ಲಿ ಮಾಂಸದ ಶಾವಿಗೆ, ಪಕ್ಕದ ಮನೆಯಲ್ಲಿ ಪಲಾವು, ಅದರಾಚೆ ಕರಿದ ರೊಟ್ಟಿಯ ಗುಡ್ಡೆ. ಮಧ್ಯಾಹ್ನದ ಹೊತ್ತಿಗೆ ಅವನು ಬಾಯಿ ಹೊಲಿದ ಮೂಟೆಯಾಗಿದ್ದ. ಮೀರಿಮ್ ಬೀದಿಯ ಮಕ್ಕಳ ಜೊತೆ ಬೀನ್ಸ್ ರಾಶಿ ಹತ್ತಿ ಜಾರುತ್ತಿದ್ದಳು. ಅಪ್ಪ ಮನೆಮನೆಯ ಕಿಟಕಿಯಿಂದ ಅವಳನ್ನು ನೋಡಿದ. ಅಷ್ಟಕ್ಕಾಗಿ ಇಷ್ಟು ದೂರ ಬಂದಂತಾಯಿತು.

ಕೊನೆಯ ಮನೆ ತೊಕ್ತೊಸುನನದು. ಒಕ್ಕುವ ಯಂತ್ರದ ಸಾಹುಕಾರ. “ಏನು ಕೆಲ್ಸ ಬರುತ್ತೆ ನಿಂಗೆ?”

“ಟ್ರ್ಯಾಕ್ಟರ್ ರಿಪೇರಿ.”

“ದೇವ್ರೇ ಕಳಿಸಿದ! ನನ್ನಾಳು ರಷ್ಯಾಕ್ಕೆ ಓಡಿಹೋದ. ನಾಳೆಯಿಂದ ಯಂತ್ರ ನಿಂದು.”

“ನನ್ನ ಹಿಂದಿನ ಕೋಣೆ ಖಾಲಿ ಇದೆ, ಊರಿಂದ ಬರೋ ಸಾಮಾನೆಲ್ಲ ಅಲ್ಲೇ ಇಡ್ಲಿ,” ಎಂದು ಮನೆಮನೆಗೂ ಜೊತೆಗೇ ಬಂದಿದ್ದ ಅಜ್ಜಿ ಮಧ್ಯೆ ಬಾಯಿ ಹಾಕಿದಳು.

ಹೊಟ್ಟೆ ತುಂಬಿದವನಿಗೆ ಯೋಚನೆಯೂ ದೊಡ್ಡದಾಗುತ್ತದೆ. ಆ ಕೋಣೆಯಲ್ಲೇ ಉಳಿದರೆ ಮಗಳನ್ನು ದಿನಾ ನೋಡಬಹುದಲ್ಲ! ಎರ್ಮೆಕ್ ಬೀದಿಯವರೆಲ್ಲರ ಎದುರಿಗೆ, ಬೀನ್ಸ್ ಮುಗಿಯುವವರೆಗೂ ಬಿಟ್ಟು ಹೋಗುವುದಿಲ್ಲ ಎಂದು ಸಾಹುಕಾರನ ಕೈ ಹಿಡಿದು ಮಾತು ಕೊಟ್ಟ. ಆಮೇಲೆ ನರಿನ್‌ಗೆ ಫೋನು ಮಾಡಿದ.

“ಅಣ್ಣಾ, ನಾನಿಲ್ಲೇ ಉಳ್ಕೋತೀನಿ. ನನ್ನ ಮನೆ ನಿನ್ನ ಮಗನಿಗೆ. ಪಾಪ, ಮನೆ ಇಲ್ಲ ಅಂತ ತಾನೇ ಮದುವೆ ನಿಂತಿರೋದು.”

ಅಣ್ಣ ಫೋನಿನಲ್ಲೇ ಅತ್ತುಬಿಟ್ಟ.

ಹೊತ್ತು ಇಳಿದಾಗ ಎರ್ಮೆಕ್ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಬುರುಲ್ ಗಂಟು ಕಟ್ಟುತ್ತಿದ್ದಳು.

“ಬುರುಲ್, ನಾನು ಇಲ್ಲೇ ಇರ್ತೀನಿ. ಕೆಲ್ಸ ಸಿಕ್ತು, ಕೋಣೇನೂ ಸಿಕ್ತು.”

ಅವಳು ಗಂಟಿನ ಮೇಲೆ ಧೊಪ್ಪನೆ ಕೂತಳು. “ಅಯ್ಯೋ ಪುಣ್ಯಾತ್ಮ! ಇವಳು ದಿನಾ ಅಪ್ಪ ಅಪ್ಪ ಅಂತ ಅಳ್ತಾಳೇಂತ, ನಾನು ನರಿನ್‌ನ ಹಳೇ ಆಸ್ಪತ್ರೇಲಿ ಮತ್ತೆ ಕೆಲ್ಸ ಕೇಳಿದ್ದೆ. ನಿನ್ನೆ ಬಾ ಅಂದ್ರು, ಇಲ್ಲಿಯ ಕೆಲ್ಸ ಬಿಟ್ಟೂ ಆಯ್ತು, ನನ್ನ ಜಾಗಕ್ಕೆ ಬೇರೆಯವ್ರೂ ಬಂದ್ರು. ಬೆಳಿಗ್ಗೆ ಹೇಳೋಣ ಅಂದ್ರೆ ನೀನು ಮಗೂನ ಎತ್ಕೊಂಡು ಓಡಿದೆ!”

ಎರ್ಮೆಕ್ ಒದ್ದಾಡುತ್ತ ಮತ್ತೆ ಫೋನು ಒತ್ತಿದ. “ಅಣ್ಣಾ, ಆ ಮನೆ ವಿಚಾರ...”

“ಈಗಷ್ಟೇ ನಿನ್ನ ಮನೇಲಿ ಮದುವೆ ಪರದೆ ಕಟ್ಟಿದ್ವಿ ಕಣೋ! ಎರಡು ಮನೆಯವ್ರೂ ಕಾಯ್ತಾನೇ ಇದ್ರಲ್ಲ. ಸೊಸೆ ಪರದೆ ಹಿಂದೆ ಕೂತಿದ್ದಾಳೆ, ಅವಳಮ್ಮ ಬಂದು ಕಣ್ತುಂಬ ನೋಡಿದ್ಲು. ನಿನ್ನ ಹೊಟ್ಟೆ ತಣ್ಣಗಿರ್ಲಿ!”

ಪರದೆಯ ಹಿಂದೆ ಕೂತಳೆಂದರೆ ಆ ಮನೆ ಅವಳದೇ; ಅಂಥ ಮದುಮಗಳನ್ನು ಏಳು ಅನ್ನುವ ಗಂಡಸು ನರಿನ್‌ನಲ್ಲಿ ಇನ್ನೂ ಹುಟ್ಟಿಲ್ಲ. ಇತ್ತ ಬೀದಿಯೆದುರು ಸಾಹುಕಾರನಿಗೆ ಕೊಟ್ಟ ಮಾತು ಮುರಿಯುವ ಹಾಗೂ ಇರಲಿಲ್ಲ.

ಮಂಗಳವಾರ ಬುರುಲ್, ಮೀರಿಮ್ ಇಬ್ಬರೂ ನರಿನ್‌ಗೆ ಹೊರಟಾಗ ಬೀದಿಯವರು ಕಾರಿನವರೆಗೂ ಬಂದು ಕಳಿಸಿಕೊಟ್ಟರು. “ಎಂಥ ಗಂಡ ನೋಡ್ರೇ, ಹೆಂಡ್ತಿ ಮಗೂನ ಊರಿಗೆ ಕಳಿಸಿ ತಾನು ಇಲ್ಲಿ ದುಡೀತಾನೆ,” ಎಂದು ಕಾಲಿಪಾ ಅಜ್ಜಿ ಕಣ್ಣೊರೆಸಿಕೊಂಡಳು. ಎರ್ಮೆಕ್ ಯಂತ್ರದ ಮೇಲಿಂದ, ಹೊಟ್ಟಿನ ಧೂಳಿನಲ್ಲಿ ಕೈ ಬೀಸಿದ.