ಗುಣ ವಿಚಾರಿಸಲು ಬಂದವರು

ನನ್ನ ಕೈಲಿ ಇದು ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ಭಾವ. ಗಂಡ ತೀರಿಕೊಂಡ ಮೇಲೆ, ನಂಜನಗೂಡಿನಲ್ಲಿ ಫ್ಯಾಕ್ಟರಿಗೆ ಹೋಗುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುವ ಮನೆ ತೆರೆಯುತ್ತೇನೆ ಎಂದೆ. ಸ್ಕೂಲ್ ಮೆಟ್ಟಿಲು ಹತ್ತದವಳು ಸರ್ಕಾರದ ಕಾಗದ ಓದುವುದು ಯಾವ ಕಾಲಕ್ಕೆ ಎಂದು ನಕ್ಕರು. ಬಸ್ಸಿನ ಬೋರ್ಡು, ಬೋಂಡ ಕಟ್ಟಿಕೊಟ್ಟ ಪೇಪರು ಓದಿ ಓದಿ ಕಲಿತೆ. ಕಾಗದ ಓದುವುದು ಕಷ್ಟವಾಗಲಿಲ್ಲ, ನಂಬುವುದು ಕಷ್ಟವಾಯಿತು. ನನಗೆ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ಹೇಳುವಾಗ ನಗುತ್ತೇನೆ, ಆಗುವಾಗ ನಗು ಬಂದದ್ದು ಕಡಿಮೆ.

ಕ್ಯೂ ಇಲ್ಲದ ಆಸ್ಪತ್ರೆ

ಹಳ್ಳಿಗಳಿಂದ ಮಕ್ಕಳನ್ನು ಕರೆತರಲು ಹಳೇ ವ್ಯಾನ್ ಕೊಂಡು, ಸೋಸಲೆ ಕಡೆಯ ಒಬ್ಬ ಡ್ರೈವರನ್ನು ಗೊತ್ತು ಮಾಡಿದೆ. ಅವನಿಗೆ ಎರಡು ಕಾಗದ ಬೇಕಿತ್ತು: ಸರ್ಕಾರಿ ಆಸ್ಪತ್ರೆಯಿಂದ ಆರೋಗ್ಯದ್ದು, ಪೊಲೀಸರಿಂದ ನಡತೆಯದ್ದು. ಯಾವ ಆಸ್ಪತ್ರೆ ಎನ್ನುವುದು ಬೇಡ. ಬೆಳಿಗ್ಗೆಯೇ ಹೋಗಿ ಕ್ಯೂನಲ್ಲಿ ನಿಂತೆವು. ನನ್ನ ಮುಂದೆ ಒಬ್ಬ ತಾಯಿ, ಅವಳ ಹೆಗಲ ಮೇಲೆ ಮೈ ಸುಡುತ್ತಿದ್ದ ಕೂಸು. ಅದು ಅಳುವುದನ್ನೂ ನಿಲ್ಲಿಸಿತ್ತು.

ರೋಗಿಗಳು ಎಷ್ಟು ಹೊತ್ತು ಕಾಯುತ್ತಾರೆ ಎಂದು ನೋಡಲು ದೊಡ್ಡ ಸಾಹೇಬರು ಬರುವ ದಿನವಂತೆ ಅದು. ಸಿಬ್ಬಂದಿ ಕ್ಯೂ ಎಬ್ಬಿಸಿ ನಮ್ಮನ್ನೆಲ್ಲ ಹೊರಗಿನ ಶಾಮಿಯಾನದಲ್ಲಿ ಕುರ್ಚಿ ಹಾಕಿ ಕೂರಿಸಿದರು. ಸಾಹೇಬರು ಖಾಲಿ ಹಜಾರ ನೋಡಿ ಸಂತೋಷಪಟ್ಟು, ಇಲ್ಲಿ ಕಾಯುವವರೇ ಇಲ್ಲ ಎಂದು ನಮಗೇ ಭಾಷಣ ಮಾಡಿದರು. ಡಾಕ್ಟರೂ ವೇದಿಕೆ ಮೇಲೆಯೇ ಇದ್ದರು.

ಕೂಸಿನ ಕಣ್ಣು ಮೇಲಕ್ಕೆ ಹೋಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಅದನ್ನು ಎತ್ತಿಕೊಂಡು ವೇದಿಕೆ ಹತ್ತಿ ಡಾಕ್ಟರ ತೊಡೆ ಮೇಲೆ ಮಲಗಿಸಿದೆ. ಪುಣ್ಯಾತ್ಮ ಅಲ್ಲೇ ನೋಡಿದರು, ಕೂಸು ಉಳಿಯಿತು. ಆ ಗದ್ದಲದಲ್ಲಿ ನಮ್ಮ ಡ್ರೈವರನ ಕಾಗದಕ್ಕೂ ಸಹಿ ಬಿತ್ತು, ಅವನ ಮುಖವನ್ನು ಯಾರೂ ನೋಡಲಿಲ್ಲ. ಮಾರನೇ ದಿನ ಪೇಪರಿನಲ್ಲಿ ನನ್ನ ಫೋಟೋ ಬಂದಿತ್ತು. ಕೆಳಗೆ, 'ಕಾಯದೇ ಚಿಕಿತ್ಸೆ ಪಡೆದ ಮಹಿಳೆ'.

ಗಂಡಿನ ವಿಚಾರಣೆ

ನಡತೆ ಚೆನ್ನಾಗಿದೆ ಎಂದು ಪೊಲೀಸರ ಕಾಗದವೂ ಬಂತು. ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕಿದೆ. ಅವನು ಕೆಲಸಕ್ಕೆ ಬಂದ ವಾರದೊಳಗೇ ಎಲ್ಲರಿಗಿಂತ ಚಿಕ್ಕ ಹುಡುಗಿ ವ್ಯಾನ್ ಹತ್ತಲಾರೆ ಎಂದು ಬಾಗಿಲು ಹಿಡಿದುಕೊಂಡಳು. ಏಕೆ ಎಂದು ಕೇಳಿದರೆ ಬಾಗಿಲನ್ನು ಇನ್ನೂ ಬಿಗಿಯಾಗಿ ಹಿಡಿದಳು. ಅವತ್ತೇ ಟಿ. ನರಸೀಪುರದ ಬಸ್ಸು ಹತ್ತಿ, ಅಲ್ಲಿಂದ ಅವನ ಊರಿಗೆ ಹೋದೆ.

ಪೆಟ್ಟಿಗೆ ಅಂಗಡಿಯ ಮುದುಕಿಯನ್ನು ಕೇಳಿದರೆ, ಹೋದ ತಿಂಗಳು ಬೈಕಿನಲ್ಲಿ ಒಬ್ಬರು ಬಂದು ಹುಡುಗನ ಗುಣ, ಚಟ, ಮನೆತನ ಎಲ್ಲ ಕೇಳಿಕೊಂಡು ಹೋದರು ಎಂದಳು. ನಮ್ಮ ಕಡೆ ಹಾಗೆ ಕೇಳುವವರು ಹೆಣ್ಣಿನ ಕಡೆಯವರೇ. ಕೂಡಿ ಬಂದ ಸಂಬಂಧ ಮುರಿದ ಪಾಪ ಯಾರಿಗೆ ಬೇಕು? ಕೇರಿಗೆ ಕೇರಿಯೇ ಅವನನ್ನು ಅಪರಂಜಿ ಎಂದು ಕಳಿಸಿತ್ತು. ಬಂದಿದ್ದವನು ನಡತೆಯ ಕಾಗದಕ್ಕಾಗಿ ವಿಚಾರಿಸಲು ಬಂದ ಮಫ್ತಿಯ ಪೇದೆ.

"ನಾನು ಹೆಣ್ಣಿನ ಕಡೆಯೋಳಲ್ಲ ಕಣಮ್ಮ. ಮಕ್ಕಳ ವ್ಯಾನು ಅವನ ಕೈಲಿ ಕೊಟ್ಟಿದ್ದೀನಿ" ಎಂದೆ.

ಎಲೆಗೆ ಸುಣ್ಣ ಸವರುತ್ತಿದ್ದ ಅವಳ ಬೆರಳು ನಿಂತಿತು. "ಅಯ್ಯೋ, ಅವ್ನ ಕಂಡ್ರೆ ನಮ್ಮ ಐಕ್ಳು ಒಳಿಕ್ ಓಡೋಯ್ತವೆ ಕಣವ್ವ. ಮೊದ್ಲು ಇದ್ದ ಸ್ಕೂಲ್ನೋರು ಅದ್ಕೇಯ ಬುಡ್ಸಿದ್ದು" ಎಂದಳು.

ಅದು ಮಧ್ಯಾಹ್ನದ ಪಾಳಿಗೆ ಹೋಗುವ ಹೆಂಗಸರ ಮಕ್ಕಳನ್ನು ವ್ಯಾನ್ ಕರೆತರುವ ಹೊತ್ತು. ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಬಸ್ಸು ಎಲ್ಲ ಸ್ಟಾಪಿನಲ್ಲೂ ನಿಂತಿತು. ನಮ್ಮ ಗೇಟಿನ ಹತ್ತಿರ ವ್ಯಾನಿನಿಂದ ಇಳಿಯುತ್ತಿದ್ದ ಮಕ್ಕಳನ್ನು ಒಂದೊಂದಾಗಿ ಎಣಿಸಿದೆ. ಬೀಗದ ಕೈ ಕಸಿದುಕೊಂಡು ಅವನನ್ನು ಆಚೆಗಟ್ಟಿದೆ. ಆ ಪುಟ್ಟ ಹುಡುಗಿಯನ್ನು ತನ್ನ ಪಕ್ಕ ಕೂರು ಎಂದು ದಿನಾ ಕಾಡುತ್ತಿದ್ದನಂತೆ. ಅದಕ್ಕಿಂತ ಹೆಚ್ಚಿನದು ಆಗುವ ಮೊದಲೇ ಹಿಡಿದೆವು.

ಠಾಣೆಗೆ ಹೋದರೆ ಸಾಹೇಬರು, ಕಾಗದ ಸರಿಯಾಗೇ ಇದೆಯಲ್ಲಮ್ಮ, ಊರವರೆಲ್ಲ ಒಳ್ಳೆಯವನು ಎಂದಿದ್ದಾರೆ ಎಂದರು.

"ಹಂಗಾದ್ರೆ ನಿಮ್ಮನೆ ಹೆಣ್ಣೇ ಕೊಡಿ ಸಾ" ಎಂದೆ.

ಆಮೇಲೆ ದೂರು ಬರೆದುಕೊಂಡರು.

ನನ್ನ ಗುಣ

ಆಮೇಲೆ ಯಾವ ಡ್ರೈವರನ್ನೂ ನಂಬಲು ಮನಸ್ಸು ಬರಲಿಲ್ಲ. ವ್ಯಾನ್ ಓಡಿಸುವುದನ್ನು ನಾನೇ ಕಲಿತೆ. ಕಾನೂನು ಎಲ್ಲರಿಗೂ ಒಂದೇ, ನನ್ನ ನಡತೆಯೂ ವಿಚಾರಣೆಗೆ ಹೋಯಿತು. ಸ್ವಲ್ಪ ದಿನಕ್ಕೆ ಠಾಣೆಯಿಂದ ಕರೆ. ನನ್ನ ಬೀದಿಯವರು ಹೇಳಿದ್ದು: ಬಾಯಿ ಜೋರು, ಮಹಾ ಹಟ, ಯಾರ ಮಾತೂ ಕೇಳುವುದಿಲ್ಲ, ಇವಳ ಜೊತೆ ಬಾಳುವುದು ಕಷ್ಟ. ಹೀಗಿದ್ದರೆ ಮಕ್ಕಳ ಮನೆಗೇ ಬೀಗ ಬೀಳಬಹುದು ಎಂದರು. ದಿನಾ ತನ್ನ ಕೂಸನ್ನು ನನ್ನ ಮಡಿಲಿಗೆ ಹಾಕಿ ಗಾರ್ಮೆಂಟ್ಸಿಗೆ ಹೋಗುವ ಪಕ್ಕದ ಮನೆಯವಳನ್ನು ಎಳೆದುಕೊಂಡು ಹೋಗಿ ಸಾಹೇಬರ ಮುಂದೆ ನಿಲ್ಲಿಸಿದೆ.

ಅವಳು ತಲೆ ತಗ್ಗಿಸಿದಳು. "ಯಾರೋ ನಿನ್ನ ಕೇಳ್ಕೊಂಡು ಬಂದವ್ರೆ ಅನ್ಕೊಂಡ್ವಿ ಕಣಕ್ಕ. ನೀನು ಮದ್ವೆ ಆಗಿ ಹೊಂಟೋದ್ರೆ ನಮ್ಮ ಐಕ್ಳನ್ನ ಯಾರ್ ಕೈಗೆ ಬಿಡಾನ? ಅದ್ಕೇ ಬೀದಿಯೋರೆಲ್ಲ ಸೇರ್ಕೊಂಡು ಮುರಿದ್ವಿ."

ಸಾಹೇಬರು ನಗು ತಡೆದುಕೊಂಡು, ಹಾಗಾದರೆ ಹೇಳಿದ್ದೆಲ್ಲ ಸುಳ್ಳು ತಾನೇ ಎಂದು ಕೇಳಿದರು.

"ಸುಳ್ಳು ಯಾಕ್ ಹೇಳಾನ ಸಾ?" ಎಂದಳು ಅವಳು. "ಎಲ್ಲ ನಿಜವೇಯ."

ಕಾಗದ ಸಿಕ್ಕಿತು. ಈಗ ಮನೆ ನನ್ನದು, ವ್ಯಾನ್ ನನ್ನದು, ಲೈಸೆನ್ಸು ನನ್ನ ಹೆಸರಿನಲ್ಲಿದೆ. ಅದಕ್ಕೆ ಹೋದದ್ದು ಗೇಟಿನ ಒಂದು ಕಂಬ, ವ್ಯಾನಿನ ಒಂದು ಕಣ್ಣು, ನನ್ನ ನಿದ್ದೆ. ಮತ್ತೆ ಆ ಪುಟ್ಟ ಹುಡುಗಿ. ಅವಳ ತಾಯಿ ಆಮೇಲೆ ಅವಳನ್ನು ನನ್ನ ಹತ್ತಿರ ಕಳಿಸಲೇ ಇಲ್ಲ.